‘ಎರಡೇ ನಿಮಿಷ’ದ ಲೆಕ್ಕ

ಶುಕ್ರವಾರ ಬಂತೆಂದರೆ ಗೊರವನಹಳ್ಳಿಯ ದಾರಿಗೆ ಬಿಡುವಿಲ್ಲ. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಈ ಪುಟ್ಟ ಊರಿನ ಮಹಾಲಕ್ಷ್ಮಿಯ ದರ್ಶನಕ್ಕೆ ತುಮಕೂರು, ಮಧುಗಿರಿ, ಬೆಂಗಳೂರು ಕಡೆಗಳಿಂದ ಜನ ಬರುತ್ತಾರೆ. ಬಸ್ಸಿಗೆ ಬರುವವರಿದ್ದಾರೆ, ಟೆಂಪೊ ಮಾಡಿಕೊಂಡು ಬರುವವರಿದ್ದಾರೆ, ಕಾರು ಬೈಕುಗಳಲ್ಲಿ ಬರುವವರಂತೂ ಸರಿಯೇ ಸರಿ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬ, ಕಾರ್ತಿಕದ ದೀಪೋತ್ಸವದ ದಿನಗಳಲ್ಲಿ ಈ ಸಾಲು ಇನ್ನಷ್ಟು ಉದ್ದವಾಗುತ್ತದೆ. ಅಮ್ಮನವರ ಮುಂದೆ ಎಲ್ಲರಿಗೂ ಜಾಗ ಉಂಟು. ಆದರೆ ಬಂದವರ ಗಾಡಿಗಳಿಗೆ?

ಅಂಥ ಒಂದು ಶುಕ್ರವಾರ ಕಾರಿನಲ್ಲಿ ಬಂದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಅಪ್ಪ ಕಾರು ಓಡಿಸುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಒಂಬತ್ತನೇ ತರಗತಿಯ ಮಗಳು. ಸುತ್ತಿ ಸುತ್ತಿ ಸಾಕಾದ ಮೇಲೆ ಒಂದು ಮನೆಯ ಗೇಟಿನ ಮುಂದೆ ಖಾಲಿ ಜಾಗ ಕಾಣುತ್ತದೆ. ಅಪ್ಪ ಅಲ್ಲೇ ಕಾರು ತಿರುಗಿಸುತ್ತಾರೆ.

“ಅಪ್ಪಾ, ಇದು ಯಾರದೋ ಮನೆ ಬಾಗಿಲು.”

“ಇರ್ಲಿ ಬಿಡಮ್ಮ, ಎರಡೇ ನಿಮಿಷ. ಹಿಂಗೆ ಹೋಗಿ ಹಂಗೆ ಬಂದ್ಬಿಡೋಣ.”

“ಕ್ಯೂ ನೋಡಪ್ಪ ಎಷ್ಟುದ್ದ ಇದೆ!”

ಈ ಮಾತಿಗೆ ಅಪ್ಪನ ಬಳಿ ಉತ್ತರವಿಲ್ಲ. ಬಾಗಿಲು ಹಾಕಿದ ಸದ್ದೇ ಉತ್ತರ.

ಇದು ಗೊರವನಹಳ್ಳಿಯೊಂದರ ಕಥೆಯಲ್ಲ. ಮಧುಗಿರಿಯ ಪೇಟೆಯಲ್ಲಿ, ಶಿರಾದ ಬಸ್ ನಿಲ್ದಾಣದ ಎದುರು, ಪಾವಗಡದ ಸಂತೆಯ ದಿನ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಎಲ್ಲ ಕಡೆಯೂ ಕೇಳಿಬರುವ ಮಾತು ಒಂದೇ: ‘ಎರಡೇ ನಿಮಿಷ.’ ಹೇಳುವವರ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಹಾಗೆನ್ನುವ ನೂರು ಜನ ಒಬ್ಬರಾದ ಮೇಲೊಬ್ಬರು ಅದೇ ಗೇಟಿನ ಮುಂದೆ ನಿಲ್ಲಿಸಿದರೆ 200 ನಿಮಿಷವಾಯಿತು. ಎಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಆ ಮನೆಯ ಎತ್ತಿನ ಗಾಡಿಯೂ ಹೊರಬರುವಂತಿಲ್ಲ, ಹೆರಿಗೆ ನೋವಿನ ಹೆಣ್ಣುಮಗಳಿಗೆಂದು ಕರೆಸಿದ 108 ವಾಹನವೂ ಒಳಹೋಗುವಂತಿಲ್ಲ. ಒಬ್ಬೊಬ್ಬರ ಚಿಕ್ಕ ತಪ್ಪು ಕೂಡಿ ಊರಿನ ದೊಡ್ಡ ತೊಂದರೆಯಾಗುವ ಬಗೆ ಇದು.

ಆಗ ಊರಿನವರು ಪಂಚಾಯಿತಿಯನ್ನೋ ಪುರಸಭೆಯನ್ನೋ ಕೇಳುತ್ತಾರೆ: ಏನಾದರೂ ಮಾಡಿ. ವಾಹನ ನಿಲುಗಡೆಯ ವಿಷಯ ಸಭೆಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ, ‘ದಂಡ ಎಷ್ಟು ಹಾಕೋಣ?’ ನಿಜವಾಗಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ.

ಜಾಗಕ್ಕೂ ಬೆಲೆಯುಂಟು

ಮೊದಲು ಕೇಳಬೇಕಾದದ್ದು ಜಾಗದ ಪ್ರಶ್ನೆ. ಒಂದು ಕಾರು ನಿಲ್ಲಿಸಲು ಎಂಜಿನಿಯರುಗಳು ಸಾಮಾನ್ಯವಾಗಿ 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಗುರುತು ಹಾಕುತ್ತಾರೆ. ಅದು ಹನ್ನೆರಡೂವರೆ ಚದರ ಮೀಟರ್. ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು 135 ಚದರ ಅಡಿ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಒಂದು ಶಾಲಾ ಕೊಠಡಿಯ ನೆಲ 400 ಚದರ ಅಡಿ. ನಲವತ್ತು ಮಕ್ಕಳು ಕೂತು ಪಾಠ ಕೇಳುವ ಕೊಠಡಿಯಲ್ಲಿ ಮೂರು ಕಾರು ಹಿಡಿಸುವುದೂ ಕಷ್ಟ! 30–40ರ ಒಂದು ನಿವೇಶನದ ಮೇಲೆ ಒತ್ತೊತ್ತಾಗಿ ನಿಲ್ಲಿಸಿದರೂ ಎಂಟೊಂಬತ್ತು ಕಾರು.

ಬಸ್ಸಿನ ಲೆಕ್ಕ ಬೇರೆ. ಐವತ್ತು ಜನರನ್ನು ತರುವ ಬಸ್ಸು ನಿಲ್ಲಲು ಸುಮಾರು 30 ಚದರ ಮೀಟರ್ ಸಾಕು. ಅದೇ ಐವತ್ತು ಜನ ನಾಲ್ಕು ನಾಲ್ಕು ಮಂದಿಯಾಗಿ ಕಾರಿನಲ್ಲಿ ಬಂದರೆ ಹದಿಮೂರು ಕಾರು, 160 ಚದರ ಮೀಟರಿಗೂ ಮೇಲು. ಐದು ಪಟ್ಟಿಗಿಂತ ಹೆಚ್ಚು. ಯಾತ್ರಾಸ್ಥಳಕ್ಕೆ ಒಂದು ಬಸ್ಸು ಹೆಚ್ಚಿಗೆ ಬಿಡುವುದು ಕೂಡ ವಾಹನ ನಿಲುಗಡೆಯ ಸುಧಾರಣೆಯೇ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಯಾರ ಕೈಯಲ್ಲಿದೆ ಅಧಿಕಾರ?

ಎರಡನೆಯದು ಅಧಿಕಾರದ ಪ್ರಶ್ನೆ. ವಾಹನ ಎಲ್ಲಿ ನಿಲ್ಲಬೇಕೆಂಬುದನ್ನು ಪೊಲೀಸರೊಬ್ಬರೇ ತೀರ್ಮಾನಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟವರು, ಆ ಊರಿನ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆಯ ಜಾಗಗಳನ್ನು ಗೊತ್ತುಪಡಿಸಬೇಕು. ಸ್ಥಳೀಯ ಸಂಸ್ಥೆ ಎಂದರೆ ಶಿರಾದಲ್ಲಿ ನಗರಸಭೆ, ಮಧುಗಿರಿ ಪಾವಗಡಗಳಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ.

ಗ್ರಾಮ ಪಂಚಾಯಿತಿಗಳ ವಿಚಾರದಲ್ಲಿ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಒಂದು ಒಳ್ಳೆಯ ಮಾತು ಹೇಳುತ್ತದೆ. ಜಾತ್ರೆ, ಉತ್ಸವಗಳಿಗೆ ಬರುವ ಯಾತ್ರಿಕರಿಂದ ಪಂಚಾಯಿತಿ ಶುಲ್ಕ ಪಡೆಯಬಹುದು. ಆದರೆ ನೀರು, ಆರೋಗ್ಯ, ನೈರ್ಮಲ್ಯದ ಏರ್ಪಾಡು ಮಾಡಿರಬೇಕು. ಬಸ್ಸು, ಟ್ಯಾಕ್ಸಿ, ಆಟೊ ನಿಲ್ದಾಣಗಳಿಗೂ ಶುಲ್ಕ ವಿಧಿಸಬಹುದು. ಆದರೆ ಪ್ರಯಾಣಿಕರಿಗೆ ತಕ್ಕ ಸೌಕರ್ಯ ಒದಗಿಸಿರಬೇಕು. ಮೊದಲು ಸೌಕರ್ಯ, ಆಮೇಲೆ ಶುಲ್ಕ. ಕೊಡದೆ ಕೇಳಬಾರದು ಎಂಬ ನ್ಯಾಯ ಕಾಯ್ದೆಯೊಳಗೇ ಅಡಗಿದೆ.

ಶುಲ್ಕವೇ ಬೇರೆ, ದಂಡವೇ ಬೇರೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ನಿಲ್ಲಿಸಬಹುದಾದ ಜಾಗದಲ್ಲಿ ನಿಲ್ಲಿಸಿ ಕೊಡುವ ಹಣ ಶುಲ್ಕ. ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ತೆರುವ ಹಣ ದಂಡ. ಒಂದು ಬಾಡಿಗೆ, ಇನ್ನೊಂದು ಶಿಕ್ಷೆ. ತಿರುವಿನಲ್ಲಿ, ರಸ್ತೆಗಳು ಕೂಡುವಲ್ಲಿ, ಸೇತುವೆಯ ಮೇಲೆ, ಪಾದಚಾರಿಗಳ ಹಾದಿಯ ಮೇಲೆ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಬಾಗಿಲ ಬಳಿ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸಬಾರದೆಂದು ದೇಶದ ರಸ್ತೆ ನಿಯಮಗಳು ಹೇಳುತ್ತವೆ. ಅಲ್ಲಿ ಫಲಕ ನೆಟ್ಟಿರಲಿ, ಬಿಡಲಿ, ನಿಯಮ ನಿಯಮವೇ. ‘ಬೋರ್ಡ್ ಎಲ್ಲಿದೆ ತೋರ್ಸಿ’ ಎಂದು ವಾದಕ್ಕೆ ನಿಲ್ಲುವವರಿಗೆ ಈ ಪಟ್ಟಿ ಗೊತ್ತಿರುವುದಿಲ್ಲ.

ಬೆಂಗಳೂರಿನ ಪಾಠ

ಈ ವಿಷಯದಲ್ಲಿ ರಾಜ್ಯದಲ್ಲೇ ಅತಿ ಹೆಚ್ಚು ತಲೆಕೆಡಿಸಿಕೊಂಡ ಊರು ಬೆಂಗಳೂರು. ನಗರ ಭೂ ಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಪಾರ್ಕಿಂಗ್ ನೀತಿಗೆ 2021ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ತಿರುಳು ಇಷ್ಟೇ: ಸಾರ್ವಜನಿಕ ರಸ್ತೆ ಯಾರ ಖಾಸಗಿ ಗ್ಯಾರೇಜೂ ಅಲ್ಲ, ಬಿಟ್ಟಿಯಾಗಿ ಅಡ್ಡಾದಿಡ್ಡಿ ನಿಲ್ಲಿಸುವುದು ಹೋಗಿ, ಹಣ ಕೊಟ್ಟು ಅಚ್ಚುಕಟ್ಟಾಗಿ ನಿಲ್ಲಿಸುವುದು ಬರಬೇಕು. ಮನೆಯ ಮುಂದಿನ ರಸ್ತೆಯಲ್ಲಿ ಕಾರು ಇಡುವವರು ವರ್ಷಕ್ಕೊಮ್ಮೆ ಪರವಾನಗಿ ಪಡೆಯಬೇಕು, ಸಣ್ಣ ಕಾರಿಗೆ 1000 ರೂಪಾಯಿಯಿಂದ ದೊಡ್ಡ ಕಾರಿಗೆ 5000 ರೂಪಾಯಿವರೆಗೆ ಶುಲ್ಕ ಕೊಡಬೇಕು ಎಂಬ ಸಲಹೆಯೂ ಅದರಲ್ಲಿತ್ತು. ಕಾಗದದ ಮೇಲಿನ ನೀತಿ ರಸ್ತೆಗಿಳಿಯುವುದು ಸುಲಭವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಯೇ ಐದು ನಗರ ಪಾಲಿಕೆಗಳಾಯಿತು. ತಲೆನೋವು ಹೊಸ ತಲೆಗಳಿಗೆ ದಾಟಿತು.

ಇನ್ನು ದಂಡದ ಕಥೆ. ಬೇರೆ ಶಿಕ್ಷೆ ಹೇಳಿಲ್ಲದ ತಪ್ಪುಗಳಿಗೆ 1988ರ ಕಾಯ್ದೆ ಮೊದಲ ಸಲಕ್ಕೆ 100 ರೂಪಾಯಿವರೆಗೆ, ಮತ್ತೆ ಮಾಡಿದರೆ 300 ರೂಪಾಯಿವರೆಗೆ ಜುಲ್ಮಾನೆ ಇಟ್ಟಿತ್ತು. ಮೂವತ್ತು ವರ್ಷ ಅದು ಹಾಗೇ ಉಳಿಯಿತು. 2019ರ ತಿದ್ದುಪಡಿ ಅದನ್ನು 500 ಮತ್ತು 1500 ರೂಪಾಯಿಗೆ ಏರಿಸಿತು. ಜೊತೆಗೆ ಬೆಂಗಳೂರಿನಲ್ಲಿ ವಾಹನ ಎತ್ತಿಕೊಂಡು ಹೋಗುವ ಟೋಯಿಂಗ್ ವ್ಯವಸ್ಥೆಯೂ ಇತ್ತು. ಎತ್ತುವ ರೀತಿಯ ಬಗ್ಗೆ ಜನರ ದೂರು ಹೆಚ್ಚಿದಾಗ 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಲಾಯಿತು.

ಅಷ್ಟರಲ್ಲಿ ಕಟ್ಟದೆ ಉಳಿದ ಸಂಚಾರ ದಂಡಗಳು ಬೆಟ್ಟದಷ್ಟಾಗಿದ್ದವು. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ಕಟ್ಟಿದರೆ ಸಾಕು ಎಂದಿತು. ಜನ ಸಾಲುಗಟ್ಟಿ ನಿಂತರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದೇ ವರ್ಷ ಮತ್ತೆ ಈ ರಿಯಾಯಿತಿ ಬಂತು. 2025ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಇನ್ನೊಮ್ಮೆ ಬಂತು. ಬೊಕ್ಕಸಕ್ಕೆ ಹಣ ಬಂದದ್ದು ನಿಜ, ಹಳೆಯ ಕಡತಗಳ ಹೊರೆ ಇಳಿದದ್ದೂ ನಿಜ. ಆದರೆ ಮೊದಲ ದಿನವೇ ಪೂರ್ತಿ ದಂಡ ಕಟ್ಟಿದ ಪ್ರಾಮಾಣಿಕನಿಗೆ ಸಿಕ್ಕಿದ್ದೇನು? ಆಷಾಢದ ಸೀರೆ ಮಾರಾಟದಂತೆ ದಂಡಕ್ಕೂ ಒಂದು ‘ಸೀಸನ್’ ಇದೆ, ಸ್ವಲ್ಪ ಕಾದರೆ ಅರ್ಧಕ್ಕೆ ಸಿಗುತ್ತದೆ ಎಂಬ ಭಾವನೆ ಜನರಲ್ಲಿ ಬೆಳೆದರೆ ತಪ್ಪು ಜನರದೊಂದೇ ಅಲ್ಲ.

ಕನ್ನಡದಲ್ಲಿ ‘ದಂಡ’ ಎಂದರೆ ಜುಲ್ಮಾನೆ. ‘ಎಲ್ಲಾ ದಂಡ’ ಎಂದರೆ ಎಲ್ಲ ವ್ಯರ್ಥ. ಜುಲ್ಮಾನೆಯ ದಂಡ ಯಾವಾಗ ವ್ಯರ್ಥದ ದಂಡವಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ಒಬ್ಬ ಮೇಷ್ಟರ ಕಥೆ ಕೇಳುವಂತಿದೆ.

ತಡವಾಗಿ ಬಂದ ಮೇಷ್ಟರು

ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಯ ಮೌಖಿಕ ಪರೀಕ್ಷೆಗೆ ಹೊರಟಿದ್ದರು. ಹೊತ್ತಾಗಿತ್ತು. ಹಣ ಕೊಟ್ಟು ನಿಲ್ಲಿಸುವ ಜಾಗಕ್ಕೆ ಹೋಗುವುದೋ, ನಿಷೇಧವಿದ್ದರೂ ರಸ್ತೆ ಬದಿಯಲ್ಲೇ ನಿಲ್ಲಿಸುವುದೋ? ಸಿಕ್ಕಿಬೀಳುವ ಸಂಭವ ಎಷ್ಟು, ಸಿಕ್ಕಿಬಿದ್ದರೆ ದಂಡ ಎಷ್ಟು, ನ್ಯಾಯವಾಗಿ ನಿಲ್ಲಿಸಿದರೆ ಖರ್ಚು ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿ, ರಸ್ತೆ ಬದಿಯೇ ಲಾಭ ಎಂದು ತೀರ್ಮಾನಿಸಿ ಕಾರು ಬಿಟ್ಟು ನಡೆದರು. ಹಾದಿಯಲ್ಲಿ ಹೊಳೆಯಿತು: ಪೊಲೀಸರೂ ಇದೇ ಲೆಕ್ಕ ಹಾಕುತ್ತಿರಬೇಕಲ್ಲ! ಪರೀಕ್ಷೆಯ ಕೊಠಡಿ ಹೊಕ್ಕವರೇ ಆ ಬಡಪಾಯಿ ವಿದ್ಯಾರ್ಥಿಗೆ ಕೇಳಿದ ಮೊದಲ ಪ್ರಶ್ನೆಯೇ ಅದು. ಅಪರಾಧ ಮತ್ತು ಶಿಕ್ಷೆಯ ಅರ್ಥಶಾಸ್ತ್ರದ ಬಗ್ಗೆ ಅವರು 1968ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಯಿತು. 1992ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಾಗ ಮಾಡಿದ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ಅವರೇ ಹೇಳಿಕೊಂಡರು. ಅಂದು ಅವರಿಗೆ ದಂಡ ಬೀಳಲಿಲ್ಲವಂತೆ!

ಅವರ ಲೆಕ್ಕವನ್ನು ಹೈಸ್ಕೂಲು ಮಕ್ಕಳೂ ಮಾಡಬಹುದು. ಉದಾಹರಣೆಗೆ, ನಿಲುಗಡೆ ಶುಲ್ಕ 20 ರೂಪಾಯಿ, ತಪ್ಪಿಗೆ ದಂಡ 1000 ರೂಪಾಯಿ ಇರಲಿ. ನೂರು ಸಲ ತಪ್ಪು ಮಾಡಿದರೆ ಒಮ್ಮೆ ಮಾತ್ರ ಸಿಕ್ಕಿಬೀಳುವಂತಿದ್ದರೆ ಸಲಕ್ಕೆ ಸರಾಸರಿ ಬಿದ್ದ ದಂಡ 10 ರೂಪಾಯಿ. ನ್ಯಾಯವಂತ 20 ಕೊಟ್ಟ, ತಪ್ಪುಗಾರ 10 ಕೊಟ್ಟ! ದಂಡವನ್ನು ಅರ್ಧಕ್ಕಿಳಿಸಿ 500 ಮಾಡಿ. ಆದರೆ ಇಪ್ಪತ್ತರಲ್ಲಿ ಒಮ್ಮೆ ಸಿಕ್ಕಿಬೀಳುವಷ್ಟು ಕಾವಲು ಬಿಗಿ ಮಾಡಿ. ಈಗ ಸಲಕ್ಕೆ 25 ರೂಪಾಯಿ ಬಿತ್ತು. ದಂಡ ಚಿಕ್ಕದಾದರೂ ತಪ್ಪುಗಾರನಿಗೆ ನಷ್ಟ. ಎಂದರೆ ದಂಡದ ದೊಡ್ಡಸ್ತಿಕೆಗಿಂತ ಅದು ತಪ್ಪದೆ ಬೀಳುವುದೇ ಮುಖ್ಯ. ಬರೆ ಜೋರಾಗಿ ಎಳೆಯುತ್ತೇನೆಂದು ಬೆದರಿಸಿ ಎಂದೂ ಎಳೆಯದ ಮೇಷ್ಟರಿಗಿಂತ, ತಪ್ಪು ಮಾಡಿದಾಗಲೆಲ್ಲ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟರಿಗೇ ಮಕ್ಕಳು ಹೆಚ್ಚು ಹೆದರುತ್ತಾರೆ.

ಇದಕ್ಕೆ ನ್ಯೂಯಾರ್ಕೇ ಸಾಕ್ಷಿ. ಅಲ್ಲಿನ ವಿಶ್ವಸಂಸ್ಥೆಗೆ ಬಂದ ನಾನಾ ದೇಶಗಳ ರಾಜತಾಂತ್ರಿಕರಿಗೆ ಕಾನೂನಿನ ರಕ್ಷಣೆ ಇತ್ತು. ದಂಡದ ಚೀಟಿ ಬಂದರೂ ಕಟ್ಟದೆ ಇರಬಹುದಿತ್ತು. 1997ರಿಂದ 2002ರವರೆಗೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಎಂದು ರೇ ಫಿಸ್ಮನ್, ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. 2002ರ ಕೊನೆಯಲ್ಲಿ, ಬಾಕಿ ಉಳಿಸಿಕೊಂಡರೆ ಗಾಡಿಯ ರಾಜತಾಂತ್ರಿಕ ಫಲಕವನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಕಟ್ಟದ ಚೀಟಿಗಳು ಶೇಕಡ 98ರಷ್ಟು ಇಳಿದುಹೋದವು! ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಕೇಳುವವರೇ ಇಲ್ಲದಿದ್ದ ಕಾಲದಲ್ಲೂ ಸ್ವೀಡನ್, ನಾರ್ವೆ, ಜಪಾನ್, ಕೆನಡಾ ದೇಶದವರ ಹೆಸರಿನಲ್ಲಿ ಬಾಕಿ ಚೀಟಿ ಇರಲಿಲ್ಲ. ಯಾರೂ ನೋಡದಿದ್ದರೂ ಸರಿಯಾದ ಜಾಗದಲ್ಲಿ ನಿಲ್ಲಿಸುವ ಅಭ್ಯಾಸವನ್ನು ಅವರು ಮನೆಯಿಂದಲೇ ಹೊತ್ತು ತಂದಿದ್ದರು.

ದಂಡವೇ ಬೆಲೆಯಾದಾಗ

ದಂಡ ತಪ್ಪದೆ ಬಿದ್ದರೆ ಎಲ್ಲ ಸರಿಹೋಗುವುದೇ? ಅದೂ ಇಲ್ಲ ಎನ್ನುತ್ತದೆ ಇಸ್ರೇಲಿನ ಹೈಫಾ ನಗರದ ಒಂದು ಪ್ರಯೋಗ. ಉರಿ ಗ್ನೀಜಿ, ಆಲ್ಡೊ ರುಸ್ಟಿಕಿನಿ ಎಂಬಿಬ್ಬರು ನಡೆಸಿದ ಈ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾಯಿತು. ಅಲ್ಲಿನ ಹತ್ತು ಶಿಶುವಿಹಾರಗಳಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಿಗಳು ತಡವಾಗಿ ಬರುತ್ತಿದ್ದರು. ಆರು ಶಿಶುವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ ಹತ್ತು ಶೆಕೆಲ್ ದಂಡ ಎಂದು ಗೊತ್ತು ಮಾಡಿದರು. ತಡವಾಗಿ ಬರುವವರು ಕಡಿಮೆಯಾಗಬೇಕಿತ್ತು. ಹೆಚ್ಚಾದರು! ಹೆಚ್ಚುಕಡಿಮೆ ಎರಡರಷ್ಟಾದರು. ಮೊದಲು ತಡವಾದಾಗ ‘ಟೀಚರಮ್ಮ ಪಾಪ ಕಾಯ್ತಿರ್ತಾರೆ’ ಎಂಬ ನಾಚಿಕೆ ಇತ್ತು. ದಂಡ ಬಂದ ಮೇಲೆ ‘ದುಡ್ಡು ಕೊಡ್ತೀವಲ್ಲ’ ಎಂಬ ಸಮಾಧಾನ ಬಂತು. ಕೊನೆಗೆ ದಂಡ ತೆಗೆದರೂ ಹೋದ ನಾಚಿಕೆ ತಿರುಗಿ ಬರಲಿಲ್ಲ. ತಡವಾಗಿ ಬರುವವರು ಹಾಗೇ ಉಳಿದರು.

ಯಾವುದೇ ಪುರಸಭೆ, ಪಂಚಾಯಿತಿ ದಂಡದ ಪಟ್ಟಿ ಬರೆಯಲು ಕೂರುವ ಮುನ್ನ ಓದಬೇಕಾದ ಪಾಠ ಇದು. ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದಕ್ಕೆ ತೆತ್ತ ದಂಡ ಆ ಜಾಗದ ಬಾಡಿಗೆಯಲ್ಲ. ಆ ಭಾವನೆ ಬಂದ ದಿನ ದುಡ್ಡಿರುವವನಿಗೆ ಊರೆಲ್ಲ ಗ್ಯಾರೇಜಾಗುತ್ತದೆ. ಹಾಗಾಗದಿರಬೇಕಾದರೆ ಕ್ರಮ ಹೀಗಿರಬೇಕು: ಮೊದಲು ನಿಲ್ಲಿಸಲು ಜಾಗ ತೋರಿಸಬೇಕು, ಅಲ್ಲಿ ನೆರಳು, ನೀರು, ಬೆಳಕು ಇರಬೇಕು. ಆಮೇಲೆ ಆ ಜಾಗಕ್ಕೆ ಹಗುರವಾದ ಶುಲ್ಕ, ಕೊಟ್ಟಿದ್ದಕ್ಕೆ ರಸೀದಿ. ಎಲ್ಲಕ್ಕೂ ಕೊನೆಗೆ ದಂಡ. ಅದು ಸೈಕಲ್ ಮೋಟಾರಿನವರಿಗೂ ಕೆಂಪು ಗೂಟದ ನೆನಪಿನಲ್ಲಿ ಓಡಾಡುವ ದೊಡ್ಡ ಮನುಷ್ಯರಿಗೂ ಒಂದೇ ಆಗಿರಬೇಕು. ದೊಡ್ಡ ಕಾರನ್ನು ಬಿಟ್ಟು ಪಕ್ಕದ ಮೊಪೆಡ್ಡನ್ನು ಮಾತ್ರ ಎತ್ತಿಕೊಂಡು ಹೋದ ದಿನ ಆ ನಿಯಮ ಸತ್ತಿತೆಂದೇ ಲೆಕ್ಕ.

ಶಾಲೆಯ ಗೇಟಿನ ಎದುರು

ಹೆತ್ತವರಿಗೆ ಈ ವಿಷಯದ ಬಿಸಿ ತಟ್ಟುವುದು ಶಾಲೆಯ ಗೇಟಿನ ಎದುರು. ಬೆಳಗಿನ ಒಂಬತ್ತೂವರೆಗೆ ಯಾವ ಊರಿನ ಯಾವ ಶಾಲೆಯ ಮುಂದೆ ನಿಂತರೂ ಕಾಣುವ ನೋಟ ಒಂದೇ. ತನ್ನ ಮಗು ನಡೆಯಬಾರದೆಂದು ಒಬ್ಬ ತಂದೆ ಗೇಟಿಗೇ ಗಾಡಿ ತಂದು ನಿಲ್ಲಿಸುತ್ತಾನೆ. ಆ ಗಾಡಿಯ ಮರೆಯಿಂದ ರಸ್ತೆಗಿಳಿಯುವ ಇನ್ನೊಬ್ಬರ ಮಗು ಎದುರಿನಿಂದ ಬರುವ ಲಾರಿಗೆ ಕಾಣುವುದಿಲ್ಲ. ಒಬ್ಬರ ಮಗುವಿನ ಸುಖ ಇನ್ನೊಬ್ಬರ ಮಗುವಿಗೆ ಅಪಾಯ. ನೂರು ಹೆಜ್ಜೆ ಹಿಂದೆ ಗಾಡಿ ನಿಲ್ಲಿಸಿ ಕೈಹಿಡಿದು ನಡೆಸಿಕೊಂಡು ಬಂದರೆ ಯಾರಿಗೂ ನಷ್ಟವಿಲ್ಲ. ಅಷ್ಟು ದೂರ ಅಪ್ಪ ಮಗುವಿನ ನಡುವೆ ನಾಲ್ಕು ಮಾತು ಆದೀತು.

ಮಕ್ಕಳೇ ಗಾಡಿ ತರುವುದು ಇನ್ನೂ ದೊಡ್ಡ ಮಾತು. ಶಾಲೆಯೊಳಗೆ ಬಿಡುವುದಿಲ್ಲವೆಂದು ಹಿಂದಿನ ಬೀದಿಯಲ್ಲಿ ಸ್ಕೂಟರ್ ಮರೆಮಾಡಿ ಬರುವ ಹತ್ತನೇ ತರಗತಿಯ ವೀರರು ಎಲ್ಲ ಊರಲ್ಲೂ ಇದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಟ್ಯೂಷನ್‌ಗೆ ತಾನೆ, ಇಲ್ಲೇ ಎರಡೇ ನಿಮಿಷ’ ಎಂದು ಬೀಗದ ಕೈ ಕೊಡುವ ತಾಯಂದಿರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳುವುದು ಮೇಲು.

ವಿದ್ಯಾರ್ಥಿಗಳ ಕೈಯಲ್ಲೂ ಒಂದು ಅಸ್ತ್ರವಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವ ಪದ್ಧತಿ ಇದೆ. ಅಲ್ಲಿ ಮಕ್ಕಳು ಪ್ರಶ್ನೆ ಕೇಳಬಹುದು, ಪಂಚಾಯಿತಿಯವರು ಉತ್ತರಿಸಬೇಕು. ಶಾಲೆಯ ಮುಂದೆ ಎಷ್ಟು ಹೊತ್ತಿಗೆ ಎಷ್ಟು ಗಾಡಿ ನಿಲ್ಲುತ್ತವೆ ಎಂದು ಒಂದು ವಾರ ಎಣಿಸಿ ಬರೆದ ಒಂದು ಹಾಳೆ ಹಿಡಿದು ಹೋದರೆ, ಬರೀ ಕೂಗಾಡಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಗಣಿತ, ಸಮಾಜ ವಿಜ್ಞಾನ ಎರಡರ ಅಭ್ಯಾಸವೂ ಆದಂತೆ.

ಮತ್ತೆ ಗೊರವನಹಳ್ಳಿಗೆ ಬಂದರೆ, ಆ ಕಾರು ಗೇಟಿನ ಮುಂದೆಯೇ ನಿಂತಿದೆ. ಅಪ್ಪ ಹೂವು ಹಣ್ಣು ಕಾಯಿ ಇರುವ ಬುಟ್ಟಿ ಹಿಡಿದು ಎರಡು ಹೆಜ್ಜೆ ಹೋದವರು ತಿರುಗಿ ನೋಡುತ್ತಾರೆ. ಮಗಳು ಕಾರಿನ ಪಕ್ಕದಲ್ಲೇ ನಿಂತಿದ್ದಾಳೆ. ಗೇಟಿನೊಳಗಿನ ಜಗಲಿಯ ಮೇಲೆ ಅಜ್ಜಿಯೊಬ್ಬರು ಕೂತಿದ್ದಾರೆ. ಬೈಯುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾರೆ. ಶುಕ್ರವಾರ ಶುಕ್ರವಾರ ನೋಡಿ ಅಭ್ಯಾಸವಾದ ನೋಟ.

ಅಲ್ಲಿ ಪೊಲೀಸರಿಲ್ಲ, ಫಲಕವಿಲ್ಲ, ದಂಡವಂತೂ ಇಲ್ಲ. ಅಪ್ಪ ಬುಟ್ಟಿಯನ್ನು ಮಗಳ ಕೈಗಿಟ್ಟು ಬೀಗದ ಕೈ ಹುಡುಕುತ್ತಾರೆ.

“ಊರಾಚೆ ಬಯಲಿತ್ತಲ್ಲಮ್ಮ, ಅಲ್ಲೇ ನಿಲ್ಸಿ ಬರ್ತೀನಿ. ನೀನು ಅಮ್ಮನ ಜೊತೆ ಕ್ಯೂನಲ್ಲಿ ನಿಂತಿರು.”

“ನಾನೂ ಬರ್ತೀನಪ್ಪ, ನಡ್ಕೊಂಡು ಬರೋಣ” ಎನ್ನುತ್ತಾಳೆ ಮಗಳು.